ಭಾರ ಬರುವ ಮೊದಲು

ಮಕ್ಕಳಿಗೆ ಶಾಲೆ ಹುಡುಕುವುದು ಯಾವ ಊರಿನವರಿಗಾದರೂ ತಲೆನೋವೇ. ನಮ್ಮೂರಿನವರಿಗೆ ಅದು ಇನ್ನೂ ಸ್ವಲ್ಪ ಜಾಸ್ತಿ, ಏಕೆಂದರೆ ಭಾರ ಬರುವವರೆಗೆ ನಮ್ಮ ಮಕ್ಕಳು ಸೂರು ಬಿಟ್ಟು ಆಚೆ ಹೋಗುವಂತಿಲ್ಲ. ಸೂರಿನ ಕೆಳಗೆ ಅವೂ ಎಲ್ಲ ಮಕ್ಕಳ ಹಾಗೆಯೇ. ಓಡುತ್ತವೆ, ಬೀಳುತ್ತವೆ, ಮಂಡಿ ತರಚಿಕೊಳ್ಳುತ್ತವೆ, ಸ್ವಲ್ಪ ಹೊತ್ತು ಎತ್ತಿಕೊಂಡರೆ ನಮ್ಮ ಸೊಂಟ ಹಿಡಿದುಕೊಳ್ಳುತ್ತದೆ. ನೆತ್ತಿಯ ಮೇಲೆ ಬರಿಯ ಆಕಾಶ ಬಂದರೆ ಮಾತ್ರ ಕಾಲು ನೆಲ ಬಿಡುತ್ತದೆ. ಹಾಗೆ ಹೋದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಒಂಬತ್ತು ಹತ್ತು ವರ್ಷಕ್ಕೆ, ಕೆಲವರಿಗೆ ಇನ್ನೂ ತಡವಾಗಿ, ಭಾರ ಬರುತ್ತದೆ. ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡುತ್ತಾರೆ, ಮಗುವಿಗೆ ಮೊದಲ ಜೊತೆ ಚಪ್ಪಲಿ ತರುತ್ತಾರೆ. ಅಲ್ಲಿಯವರೆಗೆ ಅದಕ್ಕೆ ಮನೆಯೇ ಊರು.

ನನ್ನ ಹೆಸರು ಪಂಚಾಕ್ಷರಿ. ಶಾಮಿಯಾನ ಬಾಡಿಗೆಗೆ ಕೊಡುವುದು ನನ್ನ ಕಸುಬು. ಬೇರೆ ಊರುಗಳಲ್ಲಿ ಶಾಮಿಯಾನದವನಿಗೆ ಮದುವೆಯ ತಿಂಗಳುಗಳಲ್ಲಿ ಮಾತ್ರ ಕೆಲಸ, ನಮ್ಮಲ್ಲಿ ವರ್ಷವಿಡೀ. ಮಗುವಿಗೆ ಜ್ವರ ಬಂದು ಡಾಕ್ಟರ ಹತ್ತಿರ ಹೋಗಬೇಕೆಂದರೆ ನಾಲ್ಕು ಜನ ನಾಲ್ಕು ಕೋಲು ಹಿಡಿದು, ಮೇಲೆ ಬಟ್ಟೆ ಬಿಗಿದು, ಮದುಮಗನನ್ನು ಕರೆದೊಯ್ಯುವ ಹಾಗೆ ಮಗುವನ್ನು ನಡುವೆ ನಡೆಸಿಕೊಂಡು ಹೋಗುತ್ತೇವೆ. ಬಟ್ಟೆಯ ಸೂರೂ ಸೂರೇ. ಆದರೆ ದಾರಿಯಲ್ಲಿ ಗಾಳಿ ಎದ್ದರೆ ಕೋಲು ಹಿಡಿದವರ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ಜ್ವರಕ್ಕಿಂತ ಸಣ್ಣ ಕಾರಣಕ್ಕೆ ಯಾರೂ ಮಗುವನ್ನು ಹೊರಡಿಸುವುದಿಲ್ಲ. ಹಿಂದೆ ಮೇಷ್ಟರುಗಳೇ ಮನೆಮನೆಗೆ ಬಂದು ಪಾಠ ಹೇಳುತ್ತಿದ್ದರು. ನನಗೆ ಮಗ್ಗಿ ಕಲಿಸಿದವರು ನಮ್ಮ ಪಡಸಾಲೆಯಲ್ಲೇ ಕೂತು, ನಮ್ಮವ್ವನ ಮಜ್ಜಿಗೆ ಕುಡಿದು ಕಲಿಸಿದವರು. ಅವರೆಲ್ಲ ಹೋದ ಮೇಲೆ ಹೊಸಬರು ಯಾರೂ ಬರಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಶಾಲೆ ಬಂತು. ನಮ್ಮೂರಿಗಾಗಿಯೇ ಯಾರೋ ಕಂಡುಹಿಡಿದರು ಅನ್ನುವಷ್ಟು ಖುಷಿಪಟ್ಟೆವು.

ಭಾರದ ವಿಷಯವನ್ನು ಮಕ್ಕಳಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೇಳಿಸಿಕೊಂಡ ಮಗು ಕಿಟಕಿಯಲ್ಲಿ ನಿಂತು ಮೇಲೆ ನೋಡಲು ಶುರುಮಾಡುತ್ತದೆ. ಮೇಲೆ ನೋಡುವ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಕಷ್ಟ. ಬಾಗಿಲಿಗೆ ಬೀಗ ಹಾಕುವ ಪದ್ಧತಿಯೂ ಇಲ್ಲ. ನಮ್ಮ ತಾತನ ಕಾಲದಲ್ಲಿ ಹಾಕುತ್ತಿದ್ದರಂತೆ. ಬೀಗ ಹಾಕಿದ ಮನೆಗಳ ಮಕ್ಕಳೇ ಮೊದಲು ಹೋದವಂತೆ, ಹೆಂಚು ಸರಿಸಿಕೊಂಡು. ಹಾಗಾಗಿ ನಮ್ಮೂರ ಬಾಗಿಲುಗಳು ಹಗಲೆಲ್ಲ ಸುಮ್ಮನೆ ಮುಂದಕ್ಕೆ ಎಳೆದುಕೊಂಡಿರುತ್ತವೆ, ಅಷ್ಟೆ. ಮಗುವಿಗೆ ನಾವು ಕಲಿಸುವುದು ಒಂದೇ ಮಾತು. ದೊಡ್ಡವರು ‘ಹೊರಗೆ ಹೋಗು’ ಅಂದಾಗ ಹೋಗಬೇಕು, ಅನ್ನುವವರೆಗೆ ಹೋಗಬಾರದು. ಯಾಕೆ ಅಂತ ಕೇಳಿದರೆ ‘ಇನ್ನೂ ಹೇಳಿಲ್ಲವಲ್ಲ’ ಅನ್ನುತ್ತೇವೆ. ಮಕ್ಕಳು ಕೇಳುತ್ತವೆ. ತಲೆಮಾರುಗಳಿಂದ ಹಾಗೆ ನಡೆದುಬಂದಿದೆ.

ಹೊರಗಿನವರಿಗೂ ಹೇಳುವುದಿಲ್ಲ. ಒಂದು ಕಾಲದಲ್ಲಿ ಹೇಳಿದ್ದೆವು. ನಮ್ಮ ಮೂಢನಂಬಿಕೆ ಬಿಡಿಸಲು ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಕೆಟ್ಟವರಲ್ಲ. ಬಂದವರೇ ಜಗುಲಿಯ ಮೇಲೆ ಕೂತು ನಮ್ಮ ಕೈಯ ನೀರು ಕೇಳಿ ಕುಡಿದರು. ಆಮೇಲೆ ಊರವರೆಲ್ಲರ ಎದುರಿಗೆ ಒಂದು ಮಗುವಿನ ಕೈ ಹಿಡಿದು ಅಂಗಳಕ್ಕಿಳಿಸಿ, ‘ಈಗ ನೋಡ್ರಪ್ಪ’ ಎಂದು ನಗುತ್ತ ಕೈ ಬಿಟ್ಟರು. ಆ ಜೀಪು ಮತ್ತೆ ನಮ್ಮೂರಿಗೆ ಬರಲಿಲ್ಲ. ನಾವೂ ಮತ್ತೆ ಯಾರಿಗೂ ಹೇಳಲಿಲ್ಲ.

ನನ್ನಕ್ಕ ದಾಕ್ಷಾಯಿಣಿ ಪೇಟೆಯ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಭಾವ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ನೆಂಟರ ಹಾಗೆ. ಅವರ ಮನೆಗೂ ನನ್ನ ಶಾಮಿಯಾನದ ಗೋದಾಮಿಗೂ ನಡುವೆ ಒಂದೇ ಗೋಡೆ. ನನಗೆ ಮದುವೆಯಾಗಿಲ್ಲ, ಊಟವೆಲ್ಲ ಅಲ್ಲೇ. ಅವರಿಗಿದ್ದ ಒಬ್ಬಳೇ ಮಗಳು ಸಿಂಚನಾ. ಎಂಟು ವರ್ಷದ ಪಟಾಕಿ. ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅನ್ನದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂರುವ ಜಾತಿ. ‘ಇರುವೆಗೆ ಮನೆಗೆ ಹೋಗೋ ದಾರಿ ಹೆಂಗೆ ಗೊತ್ತಾಗುತ್ತೆ ಮಾಮಾ?’ ಅಂದರೆ, ‘ಅವರಮ್ಮ ಕೂಗ್ತಾಳೆ’ ಅಂದುಬಿಡುತ್ತಿದ್ದೆ. ಆಗ ಅವಳು ನನ್ನನ್ನು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಗುವಿನ ಭಾರ ನೋಡುವುದು ನಮ್ಮಲ್ಲಿ ಸೋದರಮಾವನ ಕೆಲಸ. ಯುಗಾದಿ ಕಳೆದು ಒಂದು ಸಲ, ದೀಪಾವಳಿ ಕಳೆದು ಒಂದು ಸಲ, ಮಧ್ಯಾಹ್ನ ಮಗು ಊಟ ಮಾಡಿ ಮಲಗಿದ್ದಾಗ ಸೊಂಟಕ್ಕೆ ಹಗ್ಗ ಕಟ್ಟಿ, ತೋಳಲ್ಲಿ ಎತ್ತಿಕೊಂಡು ಅಂಗಳಕ್ಕಿಳಿಯಬೇಕು. ಹಗ್ಗದ ಇನ್ನೊಂದು ತುದಿ ಕಂಬಕ್ಕೆ. ತೋಳು ಮೆಲ್ಲಗೆ ಸಡಿಲಿಸಿದರೆ ತಿಳಿಯುತ್ತದೆ. ಆ ವರ್ಷ ಯುಗಾದಿಯ ಮರುದಿನ ನಾನು ಸಿಂಚನಾಳನ್ನು ಎತ್ತಿಕೊಂಡು ಇಳಿದೆ. ಸೂರಿನ ಅಂಚು ದಾಟಿದ್ದೇ ತಡ, ತೋಳಿನಲ್ಲಿದ್ದ ಮಗು ಒಗೆದು ಒಣಗಿಸಿದ ಬಟ್ಟೆಯಷ್ಟು ಹಗುರವಾಯಿತು. ಹಗ್ಗ ಮೇಲಕ್ಕೆ ಜಗ್ಗಿತು. ನಾನು ಅವಳ ಪಾದ ಹಿಡಿದು ಎಳೆದುಕೊಂಡು ಒಳಗೆ ಬಂದೆ. ಹೊಸ್ತಿಲಲ್ಲಿ ನಿಂತಿದ್ದ ಅಕ್ಕ ನನ್ನ ಮುಖ ನೋಡಿ ಒಳಗೆ ಹೋದಳು. ಮಗುವಿಗೆ ಎಚ್ಚರವಾಗಲಿಲ್ಲ. ಎದ್ದ ಮೇಲೆ ಸೊಂಟ ತುರಿಸಿಕೊಂಡು ‘ಲಂಗದ ಲಾಡಿ ಬಿಗಿಯಾಯ್ತು’ ಅಂದಳು.

ಅವಳಿಗೆ ಶಾಲೆ ಹುಡುಕಿದ್ದು ಅದಕ್ಕೂ ಒಂದು ವರ್ಷ ಮೊದಲು. ಆ ಕಥೆ ಹೇಳಿದರೆ ನಗು ಬರುತ್ತದೆ. ಆಗ ನಾವು ನಿಜವಾಗಿಯೂ ನಕ್ಕಿದ್ದೆವು. ಫೋನು ತೆರೆದರೆ ಶಾಲೆಗಳ ಸಂತೆ. ಒಂದೊಂದೂ ತಾನೇ ಮೊದಲನೆಯದು ಅನ್ನುತ್ತಿತ್ತು. ಎಲ್ಲದರಲ್ಲೂ ಒಂದೇ ಮಗು, ಒಂದೇ ತರಹ ಹಲ್ಲು ಬಿಟ್ಟುಕೊಂಡು, ಗ್ಲೋಬಿನ ಪಕ್ಕ ಕೂತಿತ್ತು. ಅಕ್ಕನಿಗೆ ಈ ಬಣ್ಣದ ಮಾತು ಹಿಡಿಸುವುದಿಲ್ಲ. ಅಂಗಡಿಯಲ್ಲಿ ಪಾತ್ರೆಯನ್ನು ಅವಳು ಕಣ್ಣಿನಿಂದ ಆರಿಸುವವಳಲ್ಲ. ಬೆರಳ ಗೆಣ್ಣಿನಿಂದ ಒಂದು ಏಟು ಕೊಟ್ಟು ಕಿವಿ ಹತ್ತಿರ ಹಿಡಿಯುತ್ತಾಳೆ. ಸೀಳಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದಂತೆ. ಶಾಲೆಗೂ ಹಾಗೆಯೇ ಒಂದು ಏಟು ಕೊಟ್ಟು ನೋಡಬೇಕು ಅಂದಳು. ಅವಳ ಉಪಾಯ ಸರಳವಾಗಿತ್ತು. ಎಲ್ಲ ಶಾಲೆಯವರೂ ಮೊದಲ ಒಂದು ತರಗತಿ ಪುಕ್ಕಟೆ ತೋರಿಸುತ್ತಾರೆ. ಆ ತರಗತಿಯಲ್ಲಿ ಸಿಂಚನಾ ಬೇಕೆಂದೇ ಒಂದು ತಪ್ಪು ಉತ್ತರ ಹೇಳಬೇಕು. ತಪ್ಪು ಹೇಳಿದ ಮಗುವಿನ ಜೊತೆ ಶಾಲೆ ಹೇಗೆ ನಡೆದುಕೊಳ್ಳುತ್ತದೆ ಎಂದು ನಾವು ಪಕ್ಕದಲ್ಲಿ ಕೂತು ನೋಡಬೇಕು.

ಮೊದಲನೆಯದು ಎಲ್ಲಕ್ಕಿಂತ ಅಗ್ಗ. ಅದರಲ್ಲಿ ಟೀಚರೇ ಇರಲಿಲ್ಲ. ಟೋಪಿ ಹಾಕಿದ ಆನೆಯೊಂದು ಬಂದು ಪಾಠ ಹೇಳುತ್ತಿತ್ತು. ಮೂರೂ ಎರಡೂ ಎಷ್ಟು ಎಂದು ಆನೆ ಕೇಳಿತು. ಸಿಂಚನಾ ಗಟ್ಟಿಯಾಗಿ ‘ಕುಂಬಳಕಾಯಿ’ ಅಂದಳು. ಆನೆ ಸೊಂಡಿಲೆತ್ತಿ ‘ಶಭಾಷ್! ಜಾಣ ಮಗು!’ ಅಂದಿತು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ದಿನ ನಮ್ಮ ಮನೆಯಲ್ಲಿ ಯಾರು ಏನು ತಪ್ಪು ಮಾಡಿದರೂ ಅದೇ ಮಾತಾಯಿತು. ಸಾರಿಗೆ ಉಪ್ಪು ಜಾಸ್ತಿಯಾದರೆ ಶಭಾಷ್, ಜಾಣ ಮಗು. ಎರಡನೆಯ ಶಾಲೆಯಲ್ಲಿ ನಿಜವಾದ ಮನುಷ್ಯರಿದ್ದರು, ಆದರೆ ಮಕ್ಕಳು ಜಾತ್ರೆಗೆ ನೆರೆದಷ್ಟು. ಅಲ್ಲಿ ಹೆಸರಿಲ್ಲ, ನಂಬರು. ಸಿಂಚನಾ ತಪ್ಪು ಉತ್ತರ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅವಳ ಸದ್ದನ್ನೇ ಅತ್ತಲಿಂದ ಬಂದ್ ಮಾಡಿದರು. ಮೂರನೆಯದು ದುಬಾರಿ. ಟೀಚರು ಸಕ್ಕರೆಯಂಥ ಇಂಗ್ಲಿಷಿನಲ್ಲಿ ತಪ್ಪನ್ನು ತಿದ್ದಿದರು, ಚೆನ್ನಾಗಿಯೇ ತಿದ್ದಿದರು. ಆದರೆ ಅದರ ಬೆನ್ನಿಗೇ ಒಬ್ಬ ಯುವಕ ದಿನವೂ ಫೋನು ಮಾಡಿ, ‘ಮೇಡಂ, ಮಗು ಭವಿಷ್ಯದ ಬಗ್ಗೆ ನಿಮಗೆ ಕಾಳಜಿ ಇಲ್ವಾ?’ ಎಂದು ಕೇಳತೊಡಗಿದ. ಕಾಳಜಿ ಇದ್ದದ್ದಕ್ಕೇ ಅಕ್ಕ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿ ಫೋನಿಟ್ಟಳು.

ಆಮೇಲೆ ಸಿಕ್ಕಿದ್ದು ಈ ಶಾಲೆ. ದೂರದ ಯಾವುದೋ ಊರಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ನಡೆಸುತ್ತಿದ್ದ ಸಣ್ಣ ಶಾಲೆ. ಜಾಹೀರಾತಿಲ್ಲ, ಗ್ಲೋಬಿಲ್ಲ, ತರಗತಿಗೆ ಹನ್ನೆರಡೇ ಮಕ್ಕಳು. ಶುಲ್ಕವೂ ನಮ್ಮ ಕೈಗೆಟುಕುವಂಥದ್ದೇ. ಸುಗುಣಾ ಟೀಚರ್ ಎಂಬ ನಡುವಯಸ್ಸಿನ ಹೆಂಗಸು, ಮೂಗಿನ ಮೇಲೆ ಜಾರುವ ಕನ್ನಡಕ ತಳ್ಳಿಕೊಳ್ಳುತ್ತ, ಬೀಜ ಮೊಳೆಯುವುದಕ್ಕೆ ಏನೇನು ಬೇಕು ಎಂದು ಮಕ್ಕಳನ್ನು ಕೇಳುತ್ತಿದ್ದರು. ನೀರು, ಗಾಳಿ, ಮಣ್ಣು ಎಲ್ಲ ಬಂದ ಮೇಲೆ ಅಕ್ಕ ಸಿಂಚನಾಳ ತೊಡೆ ಚಿವುಟಿದಳು.

‘ಕತ್ತಲೆ’ ಅಂದಳು ಸಿಂಚನಾ.

ಬೇರೆ ಮಕ್ಕಳು ನಕ್ಕವು. ಸುಗುಣಾ ಟೀಚರ್ ನಗಲಿಲ್ಲ. ‘ಯಾಕೆ ಹಾಗನ್ನಿಸ್ತು ಪುಟ್ಟಾ?’ ಎಂದು ಕೇಳಿದರು.

ಅದಕ್ಕೆ ಉತ್ತರವನ್ನು ನಾವು ಹೇಳಿಕೊಟ್ಟಿರಲಿಲ್ಲ. ಸಿಂಚನಾ ನಮ್ಮಿಬ್ಬರನ್ನೂ ನೋಡಿದಳು, ಆಮೇಲೆ ತಾನಾಗಿಯೇ ಹೇಳಿದಳು: ‘ನಮ್ಮನೇಲಿ ಅಮ್ಮ ಹೆಸರುಕಾಳು ನೆನೆಸಿ, ಬಟ್ಟೇಲಿ ಕಟ್ಟಿ, ಡಬ್ಬೀಲಿಟ್ಟು ಮುಚ್ಚಳ ಹಾಕ್ತಾಳೆ. ಕತ್ಲೇಲೇ ಮೊಳಕೆ ಬರುತ್ತೆ ಟೀಚರ್.’

ಟೀಚರ್ ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ‘ಹೌದಲ್ಲ! ಬೆಳಕು ಬೇಕು ಅಂತ ಹೇಳಿಕೊಡೋಳಿದ್ದೆ ನಾನು. ನೀನು ಹೇಳಿದ್ದು ಸರಿ. ಮೊಳಕೆಗೆ ಕತ್ತಲೆ ಸಾಕು. ಎಲೆ ಬಿಡೋಕೆ ಮಾತ್ರ ಬೆಳಕಿಗೆ ಬರಲೇಬೇಕು, ಅಲ್ವಾ? ನಾಳೆ ಎಲ್ರೂ ಹೆಸರುಕಾಳು ನೆನೆಸಿಟ್ಟು ನೋಡೋಣ.’

ಪಾಠ ಮುಗಿದ ಮೇಲೆ ಅಕ್ಕ ಫೋನಿನ ಪರದೆಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಒಂದು ಏಟು ಕೊಟ್ಟಳು. ಕಣ್ಣು ಒದ್ದೆಯಾಗಿತ್ತು. ‘ಇದು ಸೀಳಿಲ್ಲದ ಪಾತ್ರೆ ಕಣೋ ಪಂಚಾ’ ಅಂದಳು. ನಾನೂ ತಲೆಯಾಡಿಸಿದೆ. ಅವಳು ಆರಿಸಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ, ಸಿಟ್ಟಿನಿಂದಲೇ ಹೇಳುತ್ತೇನೆ.

ಆ ವರ್ಷ ಸಿಂಚನಾ ಬೆಳೆದದ್ದನ್ನು ನೋಡಬೇಕಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇರುವೆಯ ದಾರಿ ಗುರುತು ಮಾಡಿ, ನಡುವೆ ಬೆರಳಿನಿಂದ ಒರೆಸಿ, ಇರುವೆಗಳು ಗಲಿಬಿಲಿಯಾಗುವುದನ್ನು ನನಗೆ ತೋರಿಸಿದಳು. ‘ವಾಸನೆ ಹಿಡ್ಕೊಂಡು ಹೋಗುತ್ತೆ ಮಾಮಾ, ಅವರಮ್ಮ ಕೂಗಲ್ಲ’ ಎಂದು ಒಂದು ವರ್ಷದ ಹಿಂದಿನ ನನ್ನ ಸುಳ್ಳನ್ನು ನನ್ನ ಮುಖಕ್ಕೇ ಹೊಡೆದಳು. ಒಮ್ಮೆ ಲೆಕ್ಕ ಮಾಡುತ್ತಿದ್ದಾಗ ನಮ್ಮ ಮೇಷ್ಟರು ಹೇಳಿಕೊಟ್ಟ ದಾರಿಯೇ ಸುಲಭ, ಆ ಟೀಚರು ಸುಮ್ಮನೆ ಸುತ್ತಿಸುತ್ತಾರೆ ಎಂದು ನಾನು ಮೂಗು ತೂರಿಸಿದೆ. ಮಗು ಪೆನ್ಸಿಲು ಕೆಳಗಿಟ್ಟು ಯಾರ ಮಾತು ಕೇಳಬೇಕೆಂದು ತಿಳಿಯದೆ ಅಳುವ ಹಾಗಾಯಿತು. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

‘ನೋಡು ಸಿಂಚು, ಓದಿನ ವಿಷಯದಲ್ಲಿ ಇವತ್ತಿಂದ ಟೀಚರೇ ನಿಂಗೆ ದೊಡ್ಡೋರು. ಮಾಮ ಒಂದು ಹೇಳಿ ಟೀಚರ್ ಒಂದು ಹೇಳಿದ್ರೆ, ಟೀಚರ್ ಹೇಳಿದ್ದು ಮಾಡು. ನಾನು ಹೇಳಿದ್ರೂ ಅಷ್ಟೇ.’

‘ಅಮ್ಮನಿಗಿಂತ ದೊಡ್ಡೋರಾ?’

‘ಹೂಂ, ನನಗಿಂತ.’

ಯಾವ ಊರಿನ ತಾಯಿಯಾದರೂ ಹೇಳುವ ಮಾತೇ ಅದು. ನಾನು ಬಾಯಿ ಮುಚ್ಚಿಕೊಂಡು ಗೋದಾಮಿಗೆ ಹೋದೆ. ನಮ್ಮ ಮನೆಗೆ ಆ ದಿನ ಇನ್ನೊಬ್ಬರು ದೊಡ್ಡವರು ಬಂದರು ಎಂದು ನಮಗೆ ಹೊಳೆಯಲಿಲ್ಲ.

ಟೀಚರಿಗೆ ಹೇಳಿಬಿಡೋಣ ಎಂದು ಅಕ್ಕನಿಗೆ ಒಮ್ಮೆ ಅನ್ನಿಸಿದ್ದುಂಟು. ಚಳಿಗಾಲದಲ್ಲಿ ಟೀಚರ್ ಒಂದೊಂದು ಮಗುವಿನ ತಾಯಿಯ ಜೊತೆಗೂ ಮಾತಾಡಿದರು. ‘ಸಿಂಚನಾ ತುಂಬ ಚುರುಕು ಅಮ್ಮಾ. ಆದ್ರೆ ಮುಖ ಯಾಕೋ ಬಿಳಿಚಿಕೊಂಡಿದೆ. ಆಡೋಕೆ ಹೊರಗೆ ಬಿಡೋದಿಲ್ವಾ?’ ಎಂದು ಕೇಳಿದರು. ಅಕ್ಕನ ತುಟಿ ತೆರೆದದ್ದನ್ನು ನಾನು ನೋಡಿದೆ. ಜೀಪಿನ ಸಾಹೇಬರು ನೆನಪಾದರೋ ಏನೋ, ‘ಇಲ್ಲಿ ಧೂಳು ಜಾಸ್ತಿ ಟೀಚರ್’ ಅಂದಳು. ‘ಧೂಳಿದ್ರೂ ಪರವಾಗಿಲ್ಲ, ಸ್ವಲ್ಪ ಬಿಸಿಲಿಗೆ ಬಿಡಿ. ಮಕ್ಕಳು ಹೊರಗಿರಬೇಕು’ ಅಂದರು ಅವರು. ಅಕ್ಕ ಹೂಂ ಅಂದಳು. ಫೋನಿಟ್ಟ ಮೇಲೆ, ‘ಒಂದೆರಡು ವರ್ಷ ತಾನೆ, ಭಾರ ಬಂದ ಮೇಲೆ ನಾನೇ ಕರ್ಕೊಂಡು ಹೋಗಿ ಆಕೆ ಕಾಲಿಗೆ ನಮಸ್ಕಾರ ಮಾಡಿಸ್ತೀನಿ’ ಅಂದಳು.

ಯುಗಾದಿಯಲ್ಲಿ ಹಗ್ಗ ಜಗ್ಗಿತೆಂದು ಹೇಳಿದೆನಲ್ಲ, ಅದಾಗಿ ಒಂದು ವಾರವಾಗಿರಬೇಕು. ಅಕ್ಕ ಅಂಗಡಿಗೆ ಹೋಗಿದ್ದಳು. ಸಿಂಚನಾ ಪಡಸಾಲೆಯಲ್ಲಿ ಪಾಠಕ್ಕೆ ಕೂತಿದ್ದಳು. ನಾನು ಗೋಡೆಯ ಈಚೆ ಒಂದು ಮದುವೆಗೆ ಕಬ್ಬಿಣದ ಪೈಪುಗಳನ್ನು ಎಣಿಸಿ ಗಾಡಿಗೆ ಹಾಕಿಸುತ್ತಿದ್ದೆ. ಆ ಗದ್ದಲದಲ್ಲಿ ಆಚೆಯ ಮಾತು ಕೇಳುವಂತಿರಲಿಲ್ಲ. ಆ ಹೊತ್ತಿಗೆ ತರಗತಿಯಲ್ಲಿ ಏನು ನಡೆಯಿತೆಂದು ನಮಗೆ ತಿಳಿದದ್ದು ಆಮೇಲೆ, ಟೀಚರ ಬಾಯಿಂದಲೇ. ಎಲೆಗಳ ಪಾಠವಂತೆ. ಪುಸ್ತಕದ ಚಿತ್ರ ತೆರೆದ ಮಕ್ಕಳಿಗೆ ಅವರು, ‘ಚಿತ್ರದ ಎಲೆ ಬೇಡ. ಎಲ್ರೂ ಹೊರಗೆ ಹೋಗಿ. ನಿಮ್ಗೆ ತುಂಬ ಇಷ್ಟ ಆದ ಒಂದೇ ಒಂದು ಎಲೆ ತನ್ನಿ. ನಾನು ಕಾಯ್ತಿರ್ತೀನಿ’ ಅಂದರಂತೆ. ಎಲ್ಲ ಮಕ್ಕಳೂ ಹೋ ಎಂದು ಎದ್ದವಂತೆ. ಸಿಂಚನಾ ಮಾತ್ರ ಕೂತೇ ಇದ್ದಳಂತೆ. ‘ನಾನೂನಾ ಟೀಚರ್?’ ಎಂದು ಕೇಳಿದಳಂತೆ. ‘ನೀನೂನೇ ಪುಟ್ಟಾ. ಹೋಗು, ಹೊರಗೆ ಹೋಗು’ ಅಂದರಂತೆ ಅವರು.

ಎಂಟು ವರ್ಷ ಕಾದ ಮಾತು ಅದು. ಅವಳ ಮುಖ ಆಗ ಹೇಗಾಗಿರಬಹುದೆಂದು ನಾನು ಎಷ್ಟು ಸಲ ಊಹಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಹೊರಗೆ ಹೋಗುವವರು ಚಪ್ಪಲಿ ಮೆಟ್ಟುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಚಪ್ಪಲಿಯಿರಲಿಲ್ಲ. ಬಾಗಿಲ ಮೂಲೆಯಲ್ಲಿದ್ದ ಅಕ್ಕನ ಹಳೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಳು.

ಗೋದಾಮಿನ ತಗಡಿನ ಮೇಲೆ ಏನೋ ಧಪ್ಪೆಂದು ಬಿತ್ತು. ಕಾಯಿ ಬಿತ್ತೇನೋ ಎಂದು ನಾನು ತಲೆಯೆತ್ತಲಿಲ್ಲ. ಇನ್ನೊಂದು ಬಿದ್ದು, ಜಾರಿ, ನನ್ನ ಮುಂದೆಯೇ ನೆಲಕ್ಕೆ ಬಂತು. ನೀಲಿ ಪಟ್ಟಿಯ ಚಪ್ಪಲಿ. ಪೈಪು ಹಿಡಿದಿದ್ದ ಆಳು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದ.

ನಮ್ಮ ಮನೆಯೆದುರು ಒಂದು ಹಳೆಯ ಹೊಂಗೆ ಮರವಿದೆ. ಯುಗಾದಿಯ ಹೊತ್ತಿಗೆ ಅದು ಹೊಸ ಚಿಗುರಿನಿಂದ ತಳತಳ ಅನ್ನುತ್ತಿರುತ್ತದೆ. ಸಿಂಚನಾ ಅದರ ತುತ್ತತುದಿಯ ರೆಂಬೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ತಲೆ ಕೆಳಗಾಗಿ ಕಾಲು ಮೇಲಾಗಿತ್ತು, ಜಡೆ ಕೂಡ ಮೇಲಕ್ಕೇ ನಿಂತಿತ್ತು. ಹೆದರಿರಲಿಲ್ಲ. ಹೊರಗೆ ಅಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದಳೋ ಏನೋ, ನಮ್ಮ ಮಕ್ಕಳಿಗೆ ಬೇರೆ ಹೊರಗು ಗೊತ್ತಿಲ್ಲವಲ್ಲ. ನನ್ನನ್ನು ಕಂಡು ನಕ್ಕಳು.

‘ಮಾಮಾ! ಟೀಚರ್ ಹೊರಗೆ ಹೋಗು ಅಂದ್ರು!’

‘ಸಿಂಚು, ಗಟ್ಟಿಯಾಗಿ ಹಿಡ್ಕೋ! ಎರಡೂ ಕೈಲಿ ಹಿಡ್ಕೋ! ಬಂದೆ, ಬಂದೆ!’ ಎಂದು ಕೂಗುತ್ತ ನಾನು ಹಗ್ಗಕ್ಕೆ ಓಡಿದೆ. ಆಳು ಏಣಿ ತರಲು ಓಡಿದ. ಅಷ್ಟರಲ್ಲಿ ಬೀದಿಯ ಮನೆಗಳಿಂದ ದೊಡ್ಡವರೆಲ್ಲ ಹೊರಗೆ ಬಂದಿದ್ದರು. ಎಲ್ಲರೂ ಒಟ್ಟಿಗೆ ಹಿಡ್ಕೋ, ಬಿಡಬೇಡ, ಹಿಡ್ಕೋ ಎಂದು ಕೂಗುತ್ತಿದ್ದರು. ನಾನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮರ ಹತ್ತತೊಡಗಿದೆ. ಶಾಮಿಯಾನದವನಿಗೆ ಎತ್ತರ ಹೊಸದಲ್ಲ. ಎರಡು ಆಳೆತ್ತರದಷ್ಟು ಅಂತರ ಉಳಿದಿತ್ತು. ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳತುಟಿ ಕಚ್ಚಿಕೊಂಡು ಚಿಗುರುಗಳನ್ನು ಒಂದೊಂದಾಗಿ ನೋಡುತ್ತಿದ್ದಳು, ಲೆಕ್ಕ ಮಾಡುವಾಗ ಮುಖ ಮಾಡುತ್ತಿದ್ದಳಲ್ಲ, ಹಾಗೆ.

‘ಮಾಮಾ, ಯಾವ್ದು ಚೆನ್ನಾಗಿದೆ?’

‘ಎಲೆ ಬೇಡ ಕಂದಾ, ಎಲೆ ಬೇಡ! ರೆಂಬೆ ಬಿಡ್ಬೇಡ! ಮಾಮನ ಮಾತು ಕೇಳು!’

‘ಟೀಚರ್ ಕಾಯ್ತಿದಾರೆ ಮಾಮಾ’ ಅಂದಳು. ಮಾಮ ಒಂದು ಹೇಳಿ ಟೀಚರ್ ಒಂದು ಹೇಳಿದರೆ ಏನು ಮಾಡಬೇಕೆಂದು ಅವಳಿಗೆ ಗೊಂದಲವಿರಲಿಲ್ಲ. ಬಲಗೈ ಬಿಟ್ಟು ಒಂದು ಎಲೆಗೆ ಕೈಚಾಚಿದಳು. ಎಳೆಯ ರೆಂಬೆ, ಒಂದು ಕೈಯ ಹಿಡಿತಕ್ಕೆ ಅದು ನಿಲ್ಲಲಿಲ್ಲ, ಬೆರಳುಗಳ ನಡುವಿನಿಂದ ಸರ್ರನೆ ಜಾರಿತು. ಎಲೆ ಅವಳ ಕೈಯಲ್ಲೇ ಇತ್ತು. ಅದನ್ನು ನನ್ನ ಕಡೆ ಎತ್ತಿ ತೋರಿಸಿದಳು.

ಆಮೇಲಿನದ್ದನ್ನು ಹೇಳಲು ನನಗೆ ಬರುವುದಿಲ್ಲ. ಆಕಾಶ ಬಹಳ ತಿಳಿಯಾಗಿತ್ತು, ಅದಕ್ಕೇ ಬಹಳ ಹೊತ್ತು ಕಾಣಿಸಿದಳು. ನಾನು ಮರದ ಮೇಲೆಯೇ ಇದ್ದೆ. ಹಗ್ಗ ನನ್ನ ಹೆಗಲ ಮೇಲೆಯೇ ಇತ್ತು. ಕೆಳಗೆ ಯಾರೋ ಅಕ್ಕನನ್ನು ಅಂಗಡಿಯಿಂದ ಕರೆತಂದಿದ್ದರು. ಅವಳು ಬರುವ ಹೊತ್ತಿಗೆ ಸಿಂಚನಾ ಒಂದು ಚುಕ್ಕೆಯಷ್ಟಾಗಿದ್ದಳು. ಅಕ್ಕ ಬೀದಿಯ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಆ ಚುಕ್ಕೆ ಇಲ್ಲವಾಗುವವರೆಗೂ ನೋಡಿದಳು. ಇಲ್ಲವಾದ ಮೇಲೂ ನೋಡುತ್ತಿದ್ದಳು. ಹೆಂಗಸರು ಅಳುತ್ತಿದ್ದರು. ಅವಳು ಅಳಲಿಲ್ಲ. ಮನೆಯೊಳಗಿನಿಂದ ಒಂದು ದನಿ ಕೇಳುತ್ತಿತ್ತು: ‘ಸಿಂಚನಾ? ಸಿಂಚನಾ ಬಂದ್ಲಾ?’

ಅಕ್ಕ ಒಳಗೆ ನಡೆದಳು. ನಾನು ಮೈಕೈ ತರಚಿಕೊಂಡು ಇಳಿದು ಅವಳ ಹಿಂದೆ ಓಡಿದೆ. ಪರದೆಯ ತುಂಬ ಮಕ್ಕಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಎಲೆ. ಬೇವು, ಮಾವು, ದಾಸವಾಳ. ಒಂದು ಮಗು ಬಾಳೆಯೆಲೆಯನ್ನೇ ಎಳೆತಂದು ಅದರ ಹಿಂದೆ ಅಡಗಿಕೊಂಡಿತ್ತು. ನಡುವೆ ಒಂದು ಚೌಕದಲ್ಲಿ ನಮ್ಮ ಪಡಸಾಲೆಯ ಖಾಲಿ ಗೋಡೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಆ ಗೋಡೆಯ ಮುಂದೆ ಕೂತಳು.

‘ಓ, ಅಮ್ಮಾ, ನೀವೇ ಬಂದ್ರಾ? ಎಲ್ಲರದೂ ಆಯ್ತು, ನಿಮ್ಮ ಮಗಳದೊಂದೇ ಬಾಕಿ. ಹೊರಗೆ ಹೋಗು ಅಂದ್ರೆ ನಾನೂನಾ ಅಂತ ಕೇಳ್ತಾಳೆ ನೋಡಿ’ ಎಂದು ಟೀಚರ್ ನಗುತ್ತ ನಡೆದದ್ದನ್ನೆಲ್ಲ ಹೇಳಿದರು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ‘ಬರ್ತಾಳೆ ಟೀಚರ್’ ಅಂದಳು. ‘ಮರ ಸ್ವಲ್ಪ ಎತ್ತರ.’

‘ಅವಸರ ಇಲ್ಲ ಅಮ್ಮಾ. ಅವಳಿಗೆ ಇಷ್ಟ ಆಗಿದ್ದೇ ತರ್ಲಿ. ಕಾಯ್ತೀವಿ.’

ನಿಜವಾಗಿಯೂ ಕಾದರು. ಬೇರೆ ಮಕ್ಕಳ ಎಲೆಗಳ ನರಗಳನ್ನು ಎಣಿಸುತ್ತ, ನಡುನಡುವೆ ನಮ್ಮ ಚೌಕದ ಕಡೆ ನೋಡುತ್ತ, ತರಗತಿಯ ಹೊತ್ತು ಮೀರಿದ ಮೇಲೂ ಕಾದರು. ಕೊನೆಗೆ, ‘ನಾಳೆ ತೋರಿಸಿದ್ರಾಯ್ತು, ಎಲೆ ಬಾಡದ ಹಾಗೆ ನೀರಲ್ಲಿಟ್ಟಿರೋಕೆ ಹೇಳಿ’ ಎಂದು ಹೇಳಿ ಹೋದರು. ಅಂಥ ಟೀಚರು ಎಷ್ಟು ಜನಕ್ಕೆ ಸಿಗುತ್ತಾರೆ?

ಪರದೆ ಕಪ್ಪಾದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ಹೆಂಗಸಿಗೆ ಈಗಲೇ ಫೋನು ಮಾಡಿ ಹೇಳುತ್ತೇನೆ ಎಂದು ಕಿರುಚಿದೆ. ನೀನು ಮಾಡಿದ್ದು ಇದು, ನಿನ್ನ ಒಂದು ಎಲೆಗೆ ನಮ್ಮ ಮಗು ಹೋಯಿತು, ಜನ್ಮವಿಡೀ ಅನುಭವಿಸು ಎಂದು ಹೇಳುತ್ತೇನೆ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

‘ಹೇಳಿದ್ರೆ ಏನಾಗುತ್ತೆ ಗೊತ್ತೇನೋ?’ ಅಂದಳು. ‘ಆಕೆ ನಾಳೆಯಿಂದ ಯಾವ ಮಗುವಿಗೂ ಹೊರಗೆ ಹೋಗು ಅನ್ನಲ್ಲ. ಮಿಕ್ಕ ಮಕ್ಕಳಿಗೆಲ್ಲ ಅಂಗಳ ಇದೆಯಲ್ಲೋ, ಪಂಚಾ.’ ಅಷ್ಟು ಹೇಳಿ ಅವಳು ಅಳಲು ಶುರುಮಾಡಿದಳು. ಆ ಅಳುವನ್ನು ಓಣಿಯವರೆಲ್ಲ ಕೇಳಿದರು. ಭಾವ ಮೂರನೆಯ ದಿನ ಲಾರಿ ಎಲ್ಲೋ ಬಿಟ್ಟು ಬಂದು, ಅಂಗಳದಲ್ಲೇ ಕೂತುಬಿಟ್ಟ. ಸೂರಿನೊಳಗೆ ಬರಲು ಒಪ್ಪಲಿಲ್ಲ.

ಆದರೆ ಅದಕ್ಕೂ ಮೊದಲು, ಮರುದಿನ ಬೆಳಿಗ್ಗೆ, ತರಗತಿಯ ಹೊತ್ತಿಗೆ ಅಕ್ಕ ಎದ್ದು ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಮಗಳು ಕೂರುತ್ತಿದ್ದ ಚಾಪೆಯ ಮೇಲೆ ಕೂತು ಫೋನು ತೆರೆದಳು. ಬೇಡ ಅಂದೆ, ಕೇಳಲಿಲ್ಲ. ಶಾಲೆ ಬಿಡಿಸಿದರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ ಅಂದಳು. ಸುಗುಣಾ ಟೀಚರ್ ಕನ್ನಡಕ ತಳ್ಳಿಕೊಂಡು ಹಾಜರಿ ಕೂಗತೊಡಗಿದರು. ಎಲ್ಲರ ಹೆಸರೂ ಆಗಿ ಕೊನೆಗೆ ನಮ್ಮದು ಬಂತು.

‘ಸಿಂಚನಾ?’

ಅಕ್ಕ ಫೋನನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.

‘ಹೊರಗಿದ್ದಾಳೆ, ಟೀಚರ್’ ಅಂದಳು.

ಟೀಚರ ಮುಖ ಅರಳಿತು. ‘ಅಯ್ಯೋ, ಇವತ್ತೂ ಹೊರಗೇನಾ? ಬಿಡಿ ಅಮ್ಮಾ, ಬಲವಂತ ಮಾಡಿ ಕರೀಬೇಡಿ. ಅಷ್ಟು ದಿನ ಒಳಗೇ ಇದ್ಲಲ್ಲ’ ಅಂದರು.